ಮಿಲಿಟರಿ ಆಳುವ ದೇಶಕ್ಕೆ ಹೊರಟಿದ್ದೀರಾ? ಬ್ಯಾಗ್ ಕಟ್ಟುವ ಮುಂಚೆ ಇಷ್ಟು ನೋಡ್ಕೊಳ್ಳಿ

ನನ್ನದು ಕಲಬುರಗಿಯಲ್ಲಿ ಒಂದು ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ ತೆಗೆಸೋಕೆ ಬಂದವರನ್ನು "ಎಲ್ಲಿಗೆ ಹೊಂಟೀರಿ?" ಅಂತ ಕೇಳೋದು ಮೂವತ್ತು ವರ್ಷದ ಚಟ. ಹೆಚ್ಚಿನವರು ದುಬೈ, ಸೌದಿ ಅಂತಾರೆ. ಹೋದ ತಿಂಗಳು ಗಂಡ ಹೆಂಡತಿ ಬಂದರು. ಬುದ್ಧ ವಿಹಾರಕ್ಕೆ ತಪ್ಪದೆ ಹೋಗುವವರು, ಧ್ಯಾನ ಮಾಡುವವರು. ಬರ್ಮಾಕ್ಕೆ, ಅಂದರೆ ಈಗಿನ ಮ್ಯಾನ್ಮಾರ್‌ಗೆ ಅಂದರು. "ನೀವು ಹೋಗಿ ಬಂದೀರಂತಲ್ಲ ಕಾಕಾ, ಹೋಗಬಹುದೇನ್ರಿ?" ಫೋಟೋ ಪ್ರಿಂಟ್ ಆಗಿ ಟ್ರೇಯಲ್ಲಿ ಬಿದ್ದಿತ್ತು. ನಮ್ಮ ಮಾತು ಮುಗಿಯೋಕೆ ಒಂದೂವರೆ ತಾಸು ಹಿಡಿಯಿತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ನಾನು ಮ್ಯಾನ್ಮಾರ್‌ಗೆ ಎರಡು ಸಲ ಹೋಗಿದ್ದೇನೆ. 2019ರ ಜನವರಿಯಲ್ಲಿ ಒಮ್ಮೆ, 2023ರ ಡಿಸೆಂಬರ್‌ನಲ್ಲಿ ಇನ್ನೊಮ್ಮೆ. ನಡುವೆ 2021ರ ಫೆಬ್ರುವರಿ 1ರ ಬೆಳಿಗ್ಗೆ ಸೇನೆ ಅಧಿಕಾರ ಕಿತ್ತುಕೊಂಡಿತ್ತು. ಚುನಾಯಿತ ಸರ್ಕಾರದ ನಾಯಕಿ ಆಂಗ್ ಸಾನ್ ಸೂಕಿ ಜೈಲು ಸೇರಿದ್ದರು, ಸೇನೆಯ ಮುಖ್ಯಸ್ಥ ಜನರಲ್ ಮಿನ್ ಆಂಗ್ ಹ್ಲೈಂಗ್ ಕುರ್ಚಿಯಲ್ಲಿ ಕೂತಿದ್ದರು. ಹಾಗಂತ 2019ರಲ್ಲಿ ಸೇನೆ ಬ್ಯಾರಕ್ಕಿನಲ್ಲಿ ತೆಪ್ಪಗಿತ್ತು ಅಂತಲ್ಲ. ಸಂಸತ್ತಿನ ನಾಲ್ಕರಲ್ಲಿ ಒಂದು ಪಾಲು ಸೀಟು ಆಗಲೂ ಅವರದೇ. ರಕ್ಷಣೆ, ಗೃಹ, ಗಡಿ ಮೂರೂ ಖಾತೆ ಅವರದೇ. ನನಗೆ ಮಾತ್ರ ಬರೀ ಗೋಪುರ, ಬಿಸಿಗಾಳಿ ಬಲೂನು ಕಂಡವು. ಹಾಗಾಗಿ ಮೊದಲ ಕೆಲಸ, ಹೋಗುವ ದೇಶವನ್ನು ನಿಜವಾಗಿ ಯಾರು ಆಳ್ತಿದ್ದಾರೆ ಅಂತ ತಿಳ್ಕೊಳ್ಳೋದು. ಥಾಯ್ಲೆಂಡ್‌ನಲ್ಲಿ 2014ರ ಮೇನಲ್ಲಿ ಸೇನೆ ಸರ್ಕಾರ ಬೀಳಿಸಿತು. ಅದಾದ ಮೇಲೂ ನಮ್ಮ ಭಾಗದಿಂದ ಪಟ್ಟಾಯಕ್ಕೆ ಹೋದವರ ಫೋಟೋ ನಾನೇ ತೆಗೆದಿದ್ದೇನೆ. ಒಬ್ಬರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹೋಗಬೇಕಾ, ಬೇಡವಾ

ಈ ಜಗಳ ಹಳೆಯದು. 1990ರ ಚುನಾವಣೆಯಲ್ಲಿ ಸೂಕಿಯವರ ಪಕ್ಷ ಗೆದ್ದರೂ ಸೇನೆ ಅಧಿಕಾರ ಬಿಟ್ಟುಕೊಡಲಿಲ್ಲ. ಅದೇ ಸೇನೆ 1996ನ್ನು ಪ್ರವಾಸದ ವರ್ಷ ಅಂತ ಸಾರಿ, ಬನ್ನಿ ಬನ್ನಿ ಅಂತ ಜಗತ್ತನ್ನು ಕರೆಯಿತು. ಪ್ರವಾಸಿಗರ ಕಣ್ಣಿಗೆ ಎಲ್ಲ ಚೆಂದ ಕಾಣಲಿ ಅಂತ ಜನರನ್ನು ಬಿಟ್ಟಿ ದುಡಿಸಿದ್ದು ಆಗಲೇ ವರದಿಯಾಗಿತ್ತು. ಬಗಾನ್‌ನ ಗುಡಿಗಳ ನಡುವೆ ತಲೆತಲಾಂತರದಿಂದ ಇದ್ದವರನ್ನು 1990ರಲ್ಲೇ ಎಬ್ಬಿಸಿ ಆಚೆ ಬಯಲಿಗೆ ಕಳಿಸಿದ್ದರು. ಆ ಬಯಲೇ ಈಗಿನ ಹೊಸ ಬಗಾನ್. ಸೂಕಿ ಆಗ, ದಯವಿಟ್ಟು ಈಗ ಬರಬೇಡಿ ಅಂದಿದ್ದರು. ಮುಂದೆ 2010-11ರ ಹೊತ್ತಿಗೆ ಅವರ ಪಕ್ಷ ಸ್ವಲ್ಪ ಮೆತ್ತಗಾಯಿತು. ದೊಡ್ಡ ಪ್ಯಾಕೇಜ್ ಗುಂಪು ಬೇಡ, ಜನರನ್ನು ಕಂಡು ಮಾತಾಡಿ ಹೋಗುವ ಒಬ್ಬಿಬ್ಬರು ಬಂದರೆ ಬರಲಿ ಅಂತಾಯಿತು. 2021ರ ನಂತರ ಅಲ್ಲಿನ ಹೋರಾಟಗಾರರಲ್ಲಿ ಮತ್ತೆ ಬೇಡ ಅನ್ನುವವರೇ ಜಾಸ್ತಿ.

ನೀವು ಹೋಗುವ ಕಾಲದಲ್ಲಿ ಆ ದೇಶದ ಜನ ಏನು ಹೇಳ್ತಿದ್ದಾರೆ ಅಂತ ಹುಡುಕಿ ಓದಿ. ಟ್ರಾವೆಲ್ಸ್‌ನವರನ್ನು ಕೇಳಬೇಡಿ. ಅವರು ಹೂಂ ಅಂತಲೇ ಅಂತಾರೆ, ಅದು ಅವರ ಹೊಟ್ಟೆಪಾಡು.

ನನ್ನ ಅಭಿಪ್ರಾಯ ಕೇಳಿದರೆ, ಬರೀ ಮಜಾ ಮಾಡೋಕಾದರೆ ಬೇಡ. ಬೀದರ್ ಕೋಟೆಯನ್ನೇ ನಮ್ಮಲ್ಲಿ ಎಷ್ಟು ಜನ ಸರಿಯಾಗಿ ನೋಡಿದ್ದೇವೆ ಹೇಳಿ. ಆದರೆ ನೆಂಟರಿದ್ದಾರೆ, ಹರಕೆ ಇದೆ, ಕೆಲಸ ಇದೆ ಅಂದರೆ ಅದು ಬೇರೆ ಮಾತು. ಎರಡನೇ ಸಲ ನಾನು ಹೋಗಿದ್ದು ನನ್ನ ಮನೆಯಾಕೆಗಾಗಿ. ಅವಳು ಹತ್ತು ವರ್ಷದಿಂದ ವಿಪಶ್ಯನ ಧ್ಯಾನ ಮಾಡುತ್ತಾಳೆ. ಅದನ್ನು ಭಾರತಕ್ಕೆ ಮರಳಿ ತಂದ ಎಸ್.ಎನ್. ಗೋಯೆಂಕಾ ಹುಟ್ಟಿದ್ದು ಮಾಂಡಲೆಯಲ್ಲಿ, ಕಲಿತಿದ್ದು ರಂಗೂನಿನಲ್ಲಿ (ಈಗಿನ ಯಾಂಗೋನ್) ಊ ಬಾ ಖಿನ್ ಅವರ ಹತ್ತಿರ. ಬೌದ್ಧ ಸಮ್ಮೇಳನಕ್ಕೆ ಅಂತ 1954ರಲ್ಲಿ ಅಂಬೇಡ್ಕರ್ ಕೂಡ ರಂಗೂನಿಗೆ ಹೋಗಿದ್ದರು. "ಒಂದು ಸಲ ಅಲ್ಲಿನ ಶ್ವೇಡಗಾನ್ ಗೋಪುರದ ಮುಂದ ಕೂತು ಬರ್ತೀನ್ರಿ, ಮಂಡಿ ನೆಟ್ಟಗಿರೂತನಕ" ಅಂದಳು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಮಾಡಿದ್ದು ಸರಿಯಾ ಅಂತ ಇವತ್ತಿಗೂ ಅರ್ಧ ಅನುಮಾನ ಇದೆ.

ಆಯಿ ಹೇಳಿದ್ದು

ನಮ್ಮ ಭಾಗದವರಿಗೆ ಇದು ಪರದೇಶದ ಕತೆ ಅಲ್ಲ. ಪ್ರತಿ ಸೆಪ್ಟೆಂಬರ್ 17ಕ್ಕೆ ನಾವು ಧ್ವಜ ಹಾರಿಸುತ್ತೇವೆ. 1948ರಲ್ಲಿ ಮೊದಲು ನಿಜಾಮನ ಪರ ಇದ್ದ ರಜಾಕಾರರ ಹಾವಳಿ, ಆಮೇಲೆ ಭಾರತ ಸೇನೆಯ ಐದು ದಿನದ 'ಪೊಲೀಸ್ ಆಕ್ಷನ್'. ನಿಜಾಮನ ರಾಜ್ಯ ಭಾರತದ ಕೈಗೆ ಬಂತು. ಅಲ್ಲಿಂದ 1949ರ ಕೊನೆಯವರೆಗೆ ಹೈದರಾಬಾದ್ ರಾಜ್ಯವನ್ನು ಆಳಿದ್ದು ಮಿಲಿಟರಿ ಗವರ್ನರ್, ಮೇಜರ್ ಜನರಲ್ ಜೆ.ಎನ್. ಚೌಧುರಿ. ಗುಲ್ಬರ್ಗ, ಬೀದರ್ ಎಲ್ಲ ಅದರೊಳಗೇ. ಆ ಸೆಪ್ಟೆಂಬರಿನಲ್ಲಿ ಮತ್ತು ನಂತರ ನಡೆದ ಸಾವುನೋವು ನೋಡೋಕೆ ಕೇಂದ್ರ ಸರ್ಕಾರ ಪಂಡಿತ್ ಸುಂದರ್‌ಲಾಲ್ ಸಮಿತಿ ಕಳಿಸಿತು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ಅಂತ ಅದು ಹೆಸರಿಸಿದ ನಾಲ್ಕರಲ್ಲಿ ಗುಲ್ಬರ್ಗ, ಬೀದರ್ ಇವೆ. ಆ ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ. ಬರ್ಮಾದ ಸೇನೆಯನ್ನು ಇದರ ಜೊತೆ ತೂಗಿ ನೋಡ್ತಿಲ್ಲ. ಹೇಳಬೇಕಿರೋದು ನಮ್ಮ ಆಯಿಯ ಮಾತು.

ಆಯಿ ಆಗ ಆಳಂದದ ಕಡೆ ಒಂದು ಹಳ್ಳಿಗೆ ಹೊಸದಾಗಿ ಮದುವೆಯಾಗಿ ಬಂದವಳು. ಒಂದು ದಿನ ಮೋಟಾರಿನಲ್ಲಿ ಯಾರೋ ದೊಡ್ಡ ಮಂದಿ ಬಂದರು. ಯಾರು ಅಂತ ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ಕೈಯಲ್ಲಿ ವಹಿ ಇತ್ತು. ಊರಲ್ಲಿ ಹೇಗಿದೆ ಅಂತ ಕೇಳಿದರು. ಆಯಿ, "ಎಲ್ಲಾ ಆರಾಮ್ ಅದೀವ್ರಿ, ಚಾ ಕುಡೀರಿ" ಅಂದಳು. ಎದುರು ಮನೆಯಲ್ಲಿ ದರ್ಜಿಯ ಕುಟುಂಬ ಇರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಹೊಲಿಗೆ ಮಷೀನಿನ ಸೂಜಿ ಕೆಳಗೆ ಒಂದು ತೋಳು ಮಾತ್ರ ಕೂಡಿಸಿದ ಕುಬಸ ಹಾಗೇ ಇತ್ತು. ಅದು ಆಯಿಯದೇ ಕುಬಸ. ನಲವತ್ತು ವರ್ಷ ಆದ ಮೇಲೆ ನನಗಿದನ್ನು ಹೇಳಿದಳು. ಅವರ ಮುಂದೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಅವರು ಮೋಟಾರ್ ಹತ್ತಿ ಹೋಗವರು. ನಾ ಅಲ್ಲೇ ಇರಾಕಿ" ಅಂದಳು.

ಯಾಂಗೋನ್‌ನಲ್ಲಿ ಯಾರಾದರೂ ನಗುತ್ತಾ "ಎಲ್ಲಾ ಚೆನ್ನಾಗಿದೆ" ಅಂದಾಗಲೆಲ್ಲ ನನಗೆ ಆ ಕುಬಸ ಕಣ್ಣ ಮುಂದೆ ಬರುತ್ತಿತ್ತು. ಮುಂದೆ ಬರೆಯೋದೆಲ್ಲ ಅದರ ಸುತ್ತಲೇ.

ರೊಕ್ಕ ಯಾರ ಕಿಸೆಗೆ

ಪೂರ್ತಿ ತಪ್ಪಿಸೋಕೆ ಆಗಲ್ಲ. ವೀಸಾ ಶುಲ್ಕ ಸರ್ಕಾರಕ್ಕೇ ಹೋಗುತ್ತದೆ. ಉಳಿದಿದ್ದರಲ್ಲಿ ಎಷ್ಟು ತಪ್ಪಿಸಬಹುದು ಅಂತ ನೋಡಬೇಕು. ಅಲ್ಲಿನ ಸೇನೆ ಬರೀ ಬಂದೂಕು ಹಿಡಿದಿಲ್ಲ, ವ್ಯಾಪಾರಕ್ಕೂ ಕೂತಿದೆ. ಎರಡು ದೊಡ್ಡ ಕಂಪನಿ ಸಮೂಹ ಅವರದು, ಎಂಇಎಚ್ಎಲ್ (ಮ್ಯಾನ್ಮಾ ಎಕನಾಮಿಕ್ ಹೋಲ್ಡಿಂಗ್ಸ್) ಮತ್ತು ಎಂಇಸಿ (ಮ್ಯಾನ್ಮಾರ್ ಎಕನಾಮಿಕ್ ಕಾರ್ಪೊರೇಷನ್). ಬ್ಯಾಂಕು, ಸಿಗರೇಟು, ಹರಳು, ಬಿಯರು ಎಲ್ಲದರಲ್ಲೂ ಕೈ ಇದೆ. ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ 2019ರಲ್ಲಿ ಇವರ ಕಂಪನಿಗಳ ಪಟ್ಟಿಯನ್ನೇ ಹೊರಗೆ ಹಾಕಿತು. ಬುಕಿಂಗ್ ಮಾಡುವ ಮುಂಚೆ ಹೋಟೆಲಿನ ಮಾಲೀಕರು ಯಾರು ಅಂತ ಹುಡುಕೋಕೆ ಹತ್ತು ನಿಮಿಷ ಸಾಕು.

ಮೈಟೆಲ್ ಸಿಮ್‌ನಲ್ಲಿ ಸೇನೆಯ ಪಾಲಿದೆ. ನಾವು ಸಿಮ್ಮೇ ಕೊಳ್ಳಲಿಲ್ಲ, ಲಾಡ್ಜಿನ ವೈಫೈಯಲ್ಲಿ ದಿನ ತಳ್ಳಿದೆವು. ಮ್ಯಾನ್ಮಾರ್ ಬಿಯರ್‌ನಲ್ಲಿ ಪಾಲುದಾರರಾಗಿದ್ದ ಜಪಾನಿನ ಕಿರಿನ್ ಕಂಪನಿಯವರು 2023ರ ಜನವರಿಯಲ್ಲಿ ಕೈಬಿಟ್ಟು ಹೋದರು. ಈಗ ಅದು ಸೇನೆಯದೇ. ಕ್ಷಿಪ್ರಕ್ರಾಂತಿ ಆದ ತಕ್ಷಣ ಅಲ್ಲಿನ ಜನರೇ ಅದನ್ನು ಕುಡಿಯೋದು ಬಿಟ್ಟರು. ನಾನೂ ಕುಡಿಯಲಿಲ್ಲ. (ಇದನ್ನು ಓದಿ ನಗೋ ಗೆಳೆಯರಿಗೆ ಹೇಳ್ತೀನಿ, ಆ ಒಂಬತ್ತು ದಿನ ನಿಜವಾಗಲೂ ಕುಡಿಯಲಿಲ್ಲ.)

ದುಡ್ಡು ಬದಲಾಯಿಸೋದು ದೊಡ್ಡ ಪೇಚು. ಅವರ ದುಡ್ಡಿನ ಹೆಸರನ್ನು ಕ್ಯಾಟ್ ಅಂತ ಓದಬೇಡಿ, ಅವರು 'ಚಾಟ್' ಅಂತಾರೆ. ನಮ್ಮಾಕೆ ಮೊದಲ ದಿನ ಪಾನಿಪುರಿ ಅಂದುಕೊಂಡಳು. ನಾವು ಹೋದಾಗ ಸರ್ಕಾರಿ ದರ ಡಾಲರಿಗೆ 2,100 ಇತ್ತು. ಹೊರಗೆ 3,000 ದಾಟಿತ್ತು. ಸರ್ಕಾರಿ ದರದಲ್ಲಿ ಬದಲಾಯಿಸಿದರೆ ನಡುವಿನ ಹಣ ಮೇಲಿನವರಿಗೆ. ಹೊರಗೆ ಬದಲಾಯಿಸಿದರೆ ಕಾನೂನು ಅಡ್ಡ ಬರುತ್ತದೆ, ಸಿಕ್ಕಿಬಿದ್ದರೆ ನಿಮಗಿಂತ ಮೊದಲು ಜೈಲಿಗೆ ಹೋಗೋದು ಬದಲಾಯಿಸಿ ಕೊಟ್ಟವನು. ನಾನೇನು ಮಾಡಿದೆ ಅಂತ ಬರೆಯಲ್ಲ. ಡಾಲರ್ ನೋಟು ಮಾತ್ರ ಗರಿಗರಿಯಾಗಿರಲಿ, ಒಂದು ಮಡಿಕೆ ಬಿದ್ದರೂ ಬೇಡ ಅಂತಾರೆ. ನಾನು ಎರಡು ಫೋಟೋ ಮೌಂಟ್ ರಟ್ಟುಗಳ ನಡುವೆ ನೋಟಿಟ್ಟು, ಮದುವೆ ಆಲ್ಬಮ್ಮಿನ ಪ್ಲಾಸ್ಟಿಕ್ ಕವರಿಗೆ ಹಾಕಿ ಒಯ್ದೆ. ಒಂದೂ ವಾಪಸ್ ಬರಲಿಲ್ಲ.

ಊಟ, ಚಹಾ, ಟ್ಯಾಕ್ಸಿ ಎಲ್ಲ ಸಣ್ಣವರ ಹತ್ತಿರ. ಸಣ್ಣ ವ್ಯಾಪಾರಿ ಜೊತೆ ಚೌಕಾಸಿ ಬೇಡ. ಕರೆಂಟ್ ನಾಲ್ಕು ತಾಸು ಬಂದರೆ ನಾಲ್ಕು ತಾಸು ಇರದ ಊರಲ್ಲಿ ಅಂಗಡಿ ನಡೆಸೋದು ಅಂದರೆ ಏನು ಅಂತ ಸ್ಟುಡಿಯೋ ಇಟ್ಟವನಿಗೆ ಗೊತ್ತು.

ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟ್, ಕೇಳದೆಯೇ ಅವರ ರಾಜಧಾನಿ ನೇಪಿಡಾದ ದೊಡ್ಡ ಬುದ್ಧನನ್ನೂ ಪಟ್ಟಿಗೆ ಸೇರಿಸಿದ್ದ. 2023ರ ಆಗಸ್ಟ್‌ನಲ್ಲಿ ಆ ಅಮೃತಶಿಲೆಯ ಮೂರ್ತಿಯನ್ನು ಪ್ರತಿಷ್ಠಾಪನೆ ಮಾಡಿದ್ದು ಮಿನ್ ಆಂಗ್ ಹ್ಲೈಂಗ್ ಅವರೇ. ಪುಣ್ಯದ ಕೆಲಸ ನೋಡಿ ಅಂತ ಜಗತ್ತಿಗೆ ತೋರಿಸೋಕೆ. ಒಡಿಶಾದ ಧೌಲಿಯಲ್ಲೂ ನಮ್ಮ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕ ಅಶೋಕನ ಪ್ರತ್ಯೇಕ ಶಾಸನಗಳ ಮಾತು ನನ್ನಾಕೆಗೆ ಬಾಯಿಪಾಠ. ಎಲ್ಲ ಜನ ನನ್ನ ಮಕ್ಕಳು, ಕಾರಣ ಇಲ್ಲದೆ ಯಾರನ್ನೂ ಸೆರೆಗೆ ತಳ್ಳಬೇಡಿ ಅಂತ ಅಧಿಕಾರಿಗಳಿಗೆ ರಾಜ ಹೇಳಿದ್ದು. "ಅದನ್ನ ಓದಿ ಬಂದು ಇದಕ್ಕ ಕೈ ಮುಗಿಲೇನು?" ಅಂದಳು. ಆ ದಿನವನ್ನು ಪಟ್ಟಿಯಿಂದ ತೆಗೆಸಿದೆವು. ಆ ಹಣ ವಾಪಸ್ ಬರಲಿಲ್ಲ, ಅದು ಬೇರೆ ಜಗಳ.

ಬದಲಿಗೆ ಯಾಂಗೋನ್‌ನಲ್ಲೇ ಇರುವ ಬಹದ್ದೂರ್ ಷಾ ಜಫರನ ಗೋರಿಗೆ ಹೋದೆವು. ಬ್ರಿಟಿಷರು ನಮ್ಮ ಕೊನೆಯ ಮೊಘಲನನ್ನು ಅಲ್ಲಿಗೆ ಸಾಗಿಸಿದರು, ಆತ 1862ರಲ್ಲಿ ಅಲ್ಲೇ ತೀರಿಕೊಂಡ. ಅವರ ಕೊನೆಯ ರಾಜ ತೀಬಾನನ್ನು ನಮ್ಮ ರತ್ನಾಗಿರಿಗೆ ತಂದರು, ಆತ ಇಲ್ಲೇ ತೀರಿಕೊಂಡ. ದರ್ಗಾದಲ್ಲಿ ಊದಿನಕಡ್ಡಿ ವಾಸನೆ ಥೇಟ್ ನಮ್ಮ ಬಂದೇನವಾಜ್ ದರ್ಗಾದ್ದೇ.

ಮೊಬೈಲು

ರಸ್ತೆ ತಪಾಸಣೆಯಲ್ಲಿ ಫೋನ್ ಈಸ್ಕೊಂಡು ನೋಡ್ತಾರೆ. 2021ರಿಂದ ಅಲ್ಲಿ ಫೇಸ್‌ಬುಕ್ ಬಂದ್. ಜನ ಆ ತಡೆ ದಾಟಿಸುವ ವಿಪಿಎನ್ ಆ್ಯಪ್‌ನಲ್ಲಿ ನೋಡ್ತಿದ್ದರು, ಅಪ್ಪಣೆ ಇಲ್ಲದೆ ವಿಪಿಎನ್ ಸೇವೆ ಕೊಡುವವರಿಗೆ ಶಿಕ್ಷೆ ಅನ್ನುವ ಕಾನೂನನ್ನು ಸೇನೆ 2025ರ ಜನವರಿಯಲ್ಲಿ ಹೊರಡಿಸಿತು. ಸೇನೆ ವಿರುದ್ಧ ಬರೆದರೆ, ಹಂಚಿದರೆ 505ಎ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು. ವಿದೇಶಿಯರಿಗೆ ಸಾಮಾನ್ಯವಾಗಿ ಗದರಿ ಬಿಡಬಹುದು. ನಿಮ್ಮ ಫೋನಿನಲ್ಲಿ ಹೆಸರು, ನಂಬರು ಸಿಕ್ಕ ಅಲ್ಲಿಯವನನ್ನು ಬಿಡಲ್ಲ.

ಸಾಧ್ಯವಾದರೆ ಹಳೇ ಫೋನ್ ಒಯ್ಯಿರಿ. ಗ್ಯಾಲರಿ ಖಾಲಿ ಮಾಡಿ. ವಾಟ್ಸಾಪ್‌ನಲ್ಲಿ ಬಂದದ್ದೆಲ್ಲ ತಾನೇ ಸೇವ್ ಆಗೋದನ್ನು ಬಂದ್ ಮಾಡಿ. ನನ್ನ ಅಳಿಯನೊಬ್ಬ ಎಲ್ಲಿ ಏನಾದರೂ ನನಗೆ ವಿಡಿಯೋ ಕಳಿಸುತ್ತಾನೆ. ಹೊರಡುವ ಹಿಂದಿನ ದಿನ ನೋಡಿದರೆ ಯಾಂಗೋನ್ ಪ್ರತಿಭಟನೆಯದೇ ನಾಲ್ಕು ಕೂತಿದ್ದವು. ಅಲ್ಲಿಯವರ ನಂಬರನ್ನು ಫೋನಿನಲ್ಲಿ ಹಾಕಲೇಬೇಡಿ. ಲಾಡ್ಜಿನ ಕಾರ್ಡು ಕಿಸೆಯಲ್ಲಿದ್ದರೆ ಸಾಕು.

ಫೋಟೋ, ಮತ್ತು ನಾನು ಮಾಡಿದ ತಪ್ಪು

ಸೈನಿಕರು, ಮರಳು ಚೀಲ, ಸೇತುವೆ, ವಿಮಾನ ನಿಲ್ದಾಣ ಬೇಡ ಅಂತ ಎಲ್ಲರೂ ಹೇಳ್ತಾರೆ. ಅದು ಸುಲಭದ ಪಾಠ. ಕಷ್ಟದ್ದು ನಗುವ ಮುಖಗಳದು.

ನಮ್ಮನ್ನು ಮೂರು ದಿನ ಓಡಾಡಿಸಿದ ಟ್ಯಾಕ್ಸಿಯವನಿಗೆ ಐವತ್ತರ ಮೇಲೆ ವಯಸ್ಸು. ಲುಂಗಿಯಂಥ ಲೊಂಜಿ, ಎಲೆ ಅಡಿಕೆ ಹಾಕಿ ಕೆಂಪಾದ ಹಲ್ಲು, ನಮ್ಮ ಹಳ್ಳಿಯವನೇ ಅನಿಸುವಂಥ ಮನುಷ್ಯ. ಮೂರನೇ ದಿನ ಟೀ ಅಂಗಡಿಗೆ ಕರೆದೊಯ್ದ. ಗಿಡ್ಡ ಪ್ಲಾಸ್ಟಿಕ್ ಸ್ಟೂಲು. ಟೀ ಕೊಡುವ ಹುಡುಗನನ್ನು ಅಲ್ಲಿ ಮುತ್ತಿಟ್ಟ ಹಾಗೆ ಸದ್ದು ಮಾಡಿ ಕರೀತಾರೆ. ನನ್ನಾಕೆ ನಕ್ಕೂ ನಕ್ಕೂ ಸುಸ್ತಾದಳು. ಕಾರಿಗೆ ವಾಪಸ್ ಬಂದು ಕಿಟಕಿ ಏರಿಸಿದ ಮೇಲೆ ಅವನೇ ಹೇಳಿದ. ಮಗ ಶಾಲೆ ಮಾಸ್ತರ. 2021ರಲ್ಲಿ ಸೇನೆಯ ಕೈಕೆಳಗೆ ದುಡಿಯಲ್ಲ ಅಂತ ಡಾಕ್ಟರು, ಮಾಸ್ತರರು, ರೈಲ್ವೆಯವರು ಕೆಲಸ ಬಿಟ್ಟರಲ್ಲ, ಅವರಲ್ಲಿ ಒಬ್ಬ. ಈಗ ಊರಲ್ಲಿಲ್ಲ. ಎಲ್ಲಿ ಅಂತ ಅವನು ಹೇಳಲಿಲ್ಲ, ನಾವು ಕೇಳಲಿಲ್ಲ.

ಆ ಸಂಜೆ ಅವನನ್ನು ಕಾರಿನ ಮುಂದೆ ನಿಲ್ಲಿಸಿ ಫೋಟೋ ತೆಗೆದೆ. ಒಳ್ಳೆ ಬೆಳಕು. ಊರಿಗೆ ಬಂದ ವಾರಕ್ಕೆ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಕೆಳಗೆ ಮಗನ ಕತೆಯನ್ನೂ ಎರಡು ಸಾಲು ಬರೆದೆ. ಕನ್ನಡದಲ್ಲಿ ತಾನೇ, ಯಾರು ಓದ್ತಾರೆ ಅಂದುಕೊಂಡೆ. ಗಿರಾಕಿಯೊಬ್ಬರು ಮೆಚ್ಚಿ, ಸ್ಕ್ರೀನ್‌ಶಾಟ್ ತೆಗೆದು ಫೇಸ್‌ಬುಕ್ಕಿಗೆ ಹಾಕಿದರು. ಇನ್ನೂರು ಲೈಕ್ ಬಂದಿದ್ದವು. ರಾತ್ರಿ ಹಾಸಿಗೆಯಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದೆ. ಕಾರಿನ ನಂಬರ್ ಪ್ಲೇಟು ಅಚ್ಚು ಹಾಕಿದ ಹಾಗೆ ಬಂದಿತ್ತು. ಮೂವತ್ತು ವರ್ಷದ ಫೋಕಸ್. ಕೆಳಗೆ 'ಅನುವಾದ ನೋಡಿ' ಅನ್ನುವ ಬಟನ್ನು.

ರಾತ್ರಿ ಹನ್ನೊಂದಕ್ಕೆ ಗಿರಾಕಿಯ ಮನೆ ಬಾಗಿಲು ತಟ್ಟಿ ತೆಗೆಸಿದೆ. ಅಷ್ಟರಲ್ಲಿ ಎಷ್ಟು ಕಡೆ ಹೋಗಿತ್ತೋ. ಅವನಿಗೆ ಏನೂ ಆಗಿಲ್ಲ ಅಂತ ಅಂದುಕೊಂಡಿದ್ದೇನೆ. ಕೇಳೋಕೆ ನಂಬರಿಲ್ಲ. ಇದ್ದಿದ್ದರೂ ಕೇಳುವ ಹಾಗಿರಲಿಲ್ಲ.

ಆದ್ದರಿಂದ ಕ್ಯಾಮೆರಾದವನಾಗಿ ಹೇಳ್ತೀನಿ. ಮುಖ ಬೇಡ. ಬೇಕೇ ಬೇಕು ಅಂದರೆ ಕೇಳಿ ತೆಗೆಯಿರಿ, ಮತ್ತು ನಿಮ್ಮಲ್ಲೇ ಇಟ್ಟುಕೊಳ್ಳಿ. ಊರಿಗೆ ಬಂದ ಮೇಲೆ ಹಾಕಿದರೆ ತೊಂದರೆ ಇಲ್ಲ ಅನ್ನೋದು ನಿಮ್ಮ ಮಟ್ಟಿಗೆ ಮಾತ್ರ ನಿಜ. ಹಿಂದೆ ಏನಿದೆ ನೋಡಿ, ಅಂಗಡಿ ಬೋರ್ಡು, ನಂಬರ್ ಪ್ಲೇಟು, ಗೋಡೆ ಬರಹ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಬಂದ್ ಮಾಡಿ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿದ ಫೋಟೋ ಜೊತೆ ಆ ಜಾಗದ ಗುರುತೂ ಹೋಗುತ್ತದೆ. ಸೆಲ್ಫಿಯಲ್ಲಿ ಮೂರು ಬೆರಳು ಎತ್ತಬೇಡಿ, ಅದು ಅಲ್ಲಿ ಹೋರಾಟದ ಸನ್ನೆ. ಎತ್ತಿದ್ದಕ್ಕೆ ಜನ ಜೈಲಿಗೆ ಹೋಗಿದ್ದಾರೆ.

ಮಾತು, ಮನೆ, ಇತರೆ

ರಾಜಕೀಯ ನೀವಾಗಿ ಎತ್ತಬೇಡಿ. ಅವರು ಎತ್ತಿದರೆ ಕಿವಿ ಕೊಡಿ. ಮೂರನೆಯವರು ಪಕ್ಕದಲ್ಲಿದ್ದರೆ ಹವಾಮಾನದ ಮಾತಿಗೆ ಹೊರಳಿ. ಅಲ್ಲಿಯವರ ಮನೆಯಲ್ಲಿ ರಾತ್ರಿ ಉಳಿಯಬೇಡಿ. ಎಷ್ಟೇ ಪ್ರೀತಿಯಿಂದ ಕರೆಯಲಿ. ರಾತ್ರಿ ತಂಗುವ ಅತಿಥಿಗಳ ಹೆಸರನ್ನು ವಾರ್ಡ್ ಕಚೇರಿಗೆ ಕೊಡಬೇಕು ಅನ್ನುವ ನಿಯಮವನ್ನು ಸೇನೆ 2021ರ ಫೆಬ್ರುವರಿಯಲ್ಲೇ ಮತ್ತೆ ತಂದಿತು. ರಾತ್ರಿ ಬಾಗಿಲು ಬಡಿದರೆ ಎದ್ದು ತೆರೆಯೋದು ಮನೆಯವರು.

ಮೈಕ್ ಹಿಡಿದು ಯಾರಾದರೂ ಬಂದು, ನಮ್ಮ ದೇಶ ಹೇಗನಿಸಿತು ಅಂತ ಕೇಳಬಹುದು. ಶ್ವೇಡಗಾನ್ ಮೆಟ್ಟಿಲ ಹತ್ತಿರ ನಮ್ಮನ್ನೂ ಕೇಳಿದರು. ಯಾವ ಚಾನೆಲ್ಲೋ ಗೊತ್ತಿಲ್ಲ. ಪ್ರವಾಸಿಗರು ಬರ್ತಿದ್ದಾರೆ, ಎಲ್ಲ ಶಾಂತ ಅಂತ ತೋರಿಸೋಕೆ ನಮ್ಮ ಮುಖ ಬೇಕಿರುತ್ತದೆ. ನಾನು ಮಂಡಿ ನೋವು ಅಂತ ತೋರಿಸಿ ಕುಂಟುತ್ತಾ ಹೋದೆ. ಮಂಡಿ ನೋವು ಇದ್ದಿದ್ದು ನನ್ನಾಕೆಗೆ.

ಯುದ್ಧ ನಡೆಯುವ ಕಡೆ ಹೋಗಲೇಬೇಡಿ. ರಖೈನ್ ರಾಜ್ಯಕ್ಕೆ ಹೋಗಬೇಡಿ, ಇದ್ದವರು ಬಿಟ್ಟು ಬನ್ನಿ ಅಂತ ನಮ್ಮ ಸರ್ಕಾರವೇ 2024ರ ಫೆಬ್ರುವರಿಯಲ್ಲಿ ಹೇಳಿತ್ತು. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಜೀವ ಉಳಿಸಿಕೊಂಡು ಬಾಂಗ್ಲಾಕ್ಕೆ ಓಡಿದ್ದೂ ಅಲ್ಲಿಂದಲೇ. ಇನ್ನೊಂದು ಮಾತು, ಹುಡುಗರಿಗೆ. ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ, ಟಿಕೆಟ್ ನಾವೇ ಕೊಡ್ತೀವಿ ಅಂತ ಯಾರಾದರೂ ಕರೆದರೆ ಹುಷಾರು. ಹಾಗೆ ಕರೆದೊಯ್ದು ಗಡಿ ದಾಟಿಸಿ ಮ್ಯಾನ್ಮಾರ್‌ನ ಗಡಿ ಊರು ಮ್ಯಾವಾಡಿಯ ಸೈಬರ್ ವಂಚನೆ ಅಡ್ಡೆಗಳಲ್ಲಿ ಕೂಡಿಹಾಕಿದ ಭಾರತೀಯರನ್ನು ಸರ್ಕಾರ ವಿಮಾನ ಕಳಿಸಿ ಕರೆತಂದಿದೆ. ಪಾಸ್‌ಪೋರ್ಟ್ ಫೋಟೋಕ್ಕೆ ಬರುವ ಹುಡುಗರಿಗೆ ನಾನಿದನ್ನು ಹೇಳದೆ ಬಿಡಲ್ಲ.

ವಾಪಸ್ ಬಂದ ಮೇಲೆ

ಜನ ಕೇಳ್ತಾರೆ. "ಮಿಲಿಟರಿ ಅಂದ್ರ ಶಿಸ್ತು ಇರ್ತದಲ್ರಿ ಕಾಕಾ?" ಇದು ದಿನಕ್ಕೊಮ್ಮೆ. ಹೂಂ ಅಂದು ಮಾತು ಮುಗಿಸೋಕೆ ಮನಸ್ಸಾಗುತ್ತದೆ. ಈಗ ಕರೆಂಟಿನ ಕತೆ ಹೇಳ್ತೀನಿ, ಮಾಸ್ತರಿಲ್ಲದ ಶಾಲೆಯ ಕತೆ ಹೇಳ್ತೀನಿ. 2024ರಲ್ಲಿ ಅಲ್ಲಿ ಕಡ್ಡಾಯ ಸೇನಾ ಭರ್ತಿ ಜಾರಿಗೆ ಬಂತು, ಗಂಡಸರಿಗೆ ಹದಿನೆಂಟರಿಂದ ಮೂವತ್ತೈದು. "ನಿನ್ನ ವಯಸ್ಸೆಷ್ಟು?" ಅಂತ ಕೇಳಿದವನನ್ನೇ ಕೇಳ್ತೀನಿ. ಯಾರ ಹೆಸರೂ, ಊರೂ ಹೇಳಲ್ಲ.

ಆ ಗಂಡ ಹೆಂಡತಿ ಇನ್ನೂ ತೀರ್ಮಾನ ಮಾಡಿಲ್ಲ. ಎಂಟು ಫೋಟೋ ತಗೊಂಡು ಹೋದರು.

ಸ್ಟುಡಿಯೋದ ಶೋಕೇಸಿನಲ್ಲಿ ಬರ್ಮಾದ ಆರು ಫೋಟೋ ತೂಗುಹಾಕಿದ್ದೇನೆ. ಒಂದರಲ್ಲಿ ಟೀ ಲೋಟ ಹಿಡಿದ ಕೈ. ಒಂದರಲ್ಲಿ ಬರಿಗಾಲು, ಗೋಪುರದ ಅಮೃತಶಿಲೆ ನೆಲ. ಉಳಿದವುಗಳಲ್ಲಿ ಬರೀ ಬೆನ್ನು. ಮೊನ್ನೆ ಹಾಲ್‌ಟಿಕೆಟ್ ಫೋಟೋಕ್ಕೆ ಬಂದ ಹುಡುಗ ಅವನ್ನೇ ನೋಡುತ್ತಾ ನಿಂತ.

"ಕಾಕಾ, ಒಂದರಾಗೂ ಮುಖನೇ ಬಂದಿಲ್ಲಲ್ಲ. ತಗದಾವ ಹೊಸಬ ಏನ್ರಿ?"

"ಹೂಂ, ಹೊಸಬ," ಅಂದೆ. "ನೀ ಇಲ್ಲಿ ನೆಟ್ಟಗ ನೋಡು."